ಹುಳುಕಡ್ಡಿಗೆ ಮುಲಾಮು ಹಚ್ಚುವ ಮುನ್ನ

ಕೆಲವು ಬೇನೆಗಳಿಗೆ ಹೆಸರಿಟ್ಟವರು ಅವುಗಳ ಕಾರಣವನ್ನು ಕಂಡವರಲ್ಲ. ನಾವು ಹುಳುಕಡ್ಡಿಯೆಂದೂ ಗಜಕರ್ಣವೆಂದೂ ಕರೆಯುವ, ಈ ನಗರದ ತೆಲುಗು ಬಂಧುಗಳು ತಾಮರವೆಂದೂ ಹಳೆಯ ಪೇಟೆಯವರು ದಾದ್ ಎಂದೂ ಕರೆಯುವ ಚರ್ಮವ್ಯಾಧಿ ಅಂತಹುದೊಂದು. ಇಂಗ್ಲಿಷಿನವರೂ ಇದಕ್ಕೆ ಉಂಗುರದ ಹುಳು ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಆದರೆ ಇದರಲ್ಲಿ ಹುಳುವೆಂಬುದೇ ಇಲ್ಲ. ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿಯ ಮೇಲೆ ಏಳುವ ಬೂಷ್ಟು ಯಾವ ವರ್ಗದ ಜೀವಿಯೋ, ಅದೇ ಶಿಲೀಂಧ್ರವರ್ಗದ ಜೀವಿಯೊಂದು ನಮ್ಮ ಚರ್ಮದ ಹೊರಪದರವನ್ನೂ ಕೂದಲನ್ನೂ ಉಗುರನ್ನೂ ಆಹಾರವಾಗಿ ಮಾಡಿಕೊಂಡು ಬೆಳೆಯುವುದೇ ಈ ರೋಗ. ತಲೆಯ ಚರ್ಮಕ್ಕೆ ಬರುವ ಇಂತಹ ಬೇನೆಯೊಂದಕ್ಕೆ ಶಿಲೀಂಧ್ರವೇ ಕಾರಣವೆಂಬುದನ್ನು ಪ್ಯಾರಿಸ್ ನಗರದಲ್ಲಿ ಡೇವಿಡ್ ಗ್ರೂಬಿ ಎಂಬ ವೈದ್ಯನು 1841ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದ ನೆರವಿನಿಂದ ವಿವರಿಸಿದನು. ಅಂದಿನಿಂದ ನೂರೆಂಬತ್ತು ವರ್ಷಗಳಿಗೂ ಮೇಲಾಯಿತು. ನಾವಾದರೋ ಇಂದಿಗೂ ಕಾರಣವನ್ನು ವಿಚಾರಿಸದೆ ಮುಲಾಮನ್ನು ಮಾತ್ರ ವಿಚಾರಿಸುತ್ತಿದ್ದೇವೆ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಹೋಟೆಲಿನ ಒಲೆಯ ಮುಂದೆ ಹಗಲೆಲ್ಲ ಬೆವರಿನಲ್ಲಿ ನೆನೆಯುವ ಅಡುಗೆಯವರು, ನೀರಿನಲ್ಲೇ ನಿಂತು ಪಾತ್ರೆ ತೊಳೆಯುವ ಹುಡುಗರು, ಒದ್ದೆ ಪಂಚೆಯನ್ನು ಬದಲಿಸಲು ಬಿಡುವಿಲ್ಲದ ಮಾಣಿಗಳು, ಇವರನ್ನು ಈ ರೋಗ ಹುಡುಕಿಕೊಂಡು ಬರುತ್ತದೆ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವಲ್ಲಿ, ಒಬ್ಬನ ಟವೆಲು ಇನ್ನೊಬ್ಬನ ಹೆಗಲೇರುವಲ್ಲಿ ಅದು ಹರಡಲು ಹೆಚ್ಚು ಕಾಲ ಬೇಡ. ಬಿಗಿಯಾದ ಷರಾಯಿ ತೊಟ್ಟು ಬಸ್ಸಿನಲ್ಲಿ ಬೆವರುತ್ತ ಕಚೇರಿ ಸೇರುವ ಗುಮಾಸ್ತರೂ ಇದರಿಂದ ಮುಕ್ತರಲ್ಲ. ಆದರೆ ಬೇನೆ ಏಳುವುದು ತೊಡೆಯ ಸಂದಿನಲ್ಲಿ, ಸೊಂಟದ ಸುತ್ತ, ಹೇಳಿಕೊಳ್ಳಲು ನಾಚಿಕೆ. ಅನ್ನದ ಕೆಲಸದಲ್ಲಿರುವವನಿಗೆ ಚರ್ಮರೋಗವೆಂದು ತಿಳಿದರೆ ಕೆಲಸ ಹೋದೀತೆಂಬ ಭಯ ಬೇರೆ. ಆದುದರಿಂದ ರಾತ್ರಿ ಔಷಧದ ಅಂಗಡಿಗೆ ಹೋಗಿ, "ತುರಿಕೆಗೆ ಒಂದು ಟ್ಯೂಬು ಕೊಡಿ" ಎಂದು ಕೇಳಿ, ಕೊಟ್ಟುದನ್ನು ಜೇಬಿಗಿಳಿಸಿ ಬರುವುದೇ ರೂಢಿಯಾಗಿದೆ.

ಕಳೆದ ಬೇಸಗೆಯಲ್ಲಿ ಕಾಚಿಗುಡದ ಕಡೆಯ ಹೋಟೆಲೊಂದರಲ್ಲಿ ದುಡಿಯುವ ಕುಂದಾಪುರದ ತರುಣನೊಬ್ಬ ನನ್ನೊಡನೆ ಮಾತಿಗೆ ಸಿಕ್ಕಿದ. ಎಂಟು ತಿಂಗಳಲ್ಲಿ ಎಷ್ಟು ಟ್ಯೂಬು ತೀರಿದುವೆಂಬ ಲೆಕ್ಕ ಅವನಿಗೇ ತಪ್ಪಿತ್ತು. "ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ ಸ್ವಾಮಿ, ಬಿಟ್ಟ ನಾಲ್ಕು ದಿನಕ್ಕೆ ಮೊದಲಿಗಿಂತ ಹೆಚ್ಚಾಗುತ್ತದೆ" ಎಂದ. ಸೊಂಟದಲ್ಲಿ ಕಾಸಿನಷ್ಟಿದ್ದ ಮಚ್ಚೆ ಬೆನ್ನಿಗೂ ತೊಡೆಗೂ ಇಳಿದಿತ್ತು. ಕೋಣೆಯ ಮೂವರಿಗೆ ಅಂಟಿತ್ತು. ಟ್ಯೂಬಿನ ಮೇಲೆ ಬರೆದುದನ್ನು ಓದಿದೆಯಾ ಎಂದು ಕೇಳಿದೆ. "ಅದೆಲ್ಲ ಇಂಗ್ಲಿಷಿನಲ್ಲಿದೆ" ಎಂದು ತಲೆ ತಗ್ಗಿಸಿದ.

ಆ ಇಂಗ್ಲಿಷಿನಲ್ಲಿ ಇದ್ದುದೇನು? ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್, ಅದರೊಡನೆ ಬ್ಯಾಕ್ಟೀರಿಯಾಕ್ಕೊಂದು, ಶಿಲೀಂಧ್ರಕ್ಕೊಂದು ಔಷಧ, ಹೀಗೆ ಬಗೆಬಗೆಯದನ್ನು ಒಂದರಲ್ಲೇ ಬೆರೆಸಿದ ಮಿಶ್ರಣ. ಸ್ಟೀರಾಯ್ಡ್ ಉರಿಯನ್ನೂ ನವೆಯನ್ನೂ ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಅದನ್ನು ಎದುರಿಸಬೇಕಾದ ಚರ್ಮದ ಶಕ್ತಿಯನ್ನೇ ಕುಗ್ಗಿಸುತ್ತದೆ. ಕಾವಲುಗಾರನಿಗೆ ನಿದ್ರೆ ಬರಿಸಿದ ಮೇಲೆ ಕಳ್ಳನಿಗೆ ಅಡ್ಡಿಯೇನು? ರೋಗ ಸದ್ದಿಲ್ಲದೆ ಹಬ್ಬುತ್ತದೆ. ಉಂಗುರದ ಆಕಾರವೂ ಅಳಿಸಿಹೋಗಿ ಅನುಭವಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ, ಮಾಸದ ಗೆರೆಗಳು ಬೀಳುತ್ತವೆ. ಭಾರತ ಸರ್ಕಾರವು 2018ರಲ್ಲಿ ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕಾನೂನು ಬಂದುದು ಒಳ್ಳೆಯದೇ. ಆದರೆ ಚೀಟಿ ಕೇಳುವ ಅಂಗಡಿ ಎಷ್ಟು, ಚೀಟಿ ತರುವ ಗಿರಾಕಿ ಎಷ್ಟು ಎಂಬುದನ್ನು ವಾಚಕರೇ ತಮ್ಮ ಅನುಭವದಿಂದ ಹೇಳಬಲ್ಲರು.

ಈ ನಡುವೆ ರೋಗವೂ ಮೊದಲಿನಂತೆ ಉಳಿದಿಲ್ಲ. ಹಿಂದೆ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಟ್ರೈಕೊಫೈಟನ್ ರೂಬ್ರಮ್ ಎಂಬ ಶಿಲೀಂಧ್ರ. ಈಚಿನ ವರ್ಷಗಳಲ್ಲಿ ಅದರ ಸ್ಥಾನವನ್ನು ಬೇರೊಂದು ಆಕ್ರಮಿಸಿಕೊಂಡಿದೆ. ಭಾರತ ಮತ್ತು ನೇಪಾಳದ ರೋಗಿಗಳಿಂದ ದೊರೆತ ಮಾದರಿಗಳನ್ನು ಪರಿಶೀಲಿಸಿ ಜಪಾನಿನ ಸಂಶೋಧಕರು 2020ರಲ್ಲಿ ಇದಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಹೀಗೊಂದು ಚರ್ಮರೋಗದ ಜೀವಿಗೆ ಅಂಟಿಕೊಂಡುದು ಹೆಮ್ಮೆಪಡುವ ಸಂಗತಿಯಲ್ಲ. ಹುಳುಕಡ್ಡಿಗೆ ವೈದ್ಯರು ಬಹುವಾಗಿ ನಂಬಿದ್ದ ಟರ್ಬಿನಾಫಿನ್ ಮಾತ್ರೆಗೆ ಇದರ ಅನೇಕ ತಳಿಗಳು ಬಗ್ಗುವುದಿಲ್ಲ. ಆ ಮಾತ್ರೆ ಶಿಲೀಂಧ್ರದ ಯಾವ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆಯೋ ಆ ಕಿಣ್ವದ ರಚನೆಯಲ್ಲಿಯೇ ಸಣ್ಣ ಬದಲಾವಣೆಯಾಗಿ, ಔಷಧಕ್ಕೆ ಹಿಡಿತ ಸಿಗದಂತಾಗಿದೆ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿಯೂ ಇದು ಪತ್ತೆಯಾಯಿತೆಂದು ಅಲ್ಲಿಯ ಆರೋಗ್ಯ ಇಲಾಖೆ ಪ್ರಕಟಿಸಿತು.

ಹೀಗಿರುವಾಗ ರೋಗವನ್ನು ಗುರುತಿಸುವ ಕೆಲಸವು ವಿದ್ವಾಂಸರ ಪ್ರಯೋಗಶಾಲೆಗೆ ಮಾತ್ರ ಸೇರಿದ್ದೆಂದು ಸುಮ್ಮನಿರಲಾಗದು. ತುರಿಸುವುದೆಲ್ಲ ಹುಳುಕಡ್ಡಿಯಲ್ಲ. ಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ. ಇಸಬು ಅಂಟುರೋಗವೇ ಅಲ್ಲ. ತುರಿಕೆಯಿಲ್ಲದೆ ಸ್ಪರ್ಶಜ್ಞಾನ ತಪ್ಪಿದ ಮಚ್ಚೆಯಿದ್ದರೆ ಅದು ಕುಷ್ಠವೂ ಆಗಿರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಇಸಬಿಗೆ ಹಿತವಾದ ಸ್ಟೀರಾಯ್ಡ್ ಹುಳುಕಡ್ಡಿಗೆ ಗೊಬ್ಬರ.

ಗುರುತಿಸುವ ಮೊದಲ ಮೆಟ್ಟಿಲು ಬಹು ಸರಳ. ಮಚ್ಚೆಯ ಅಂಚಿನ ಹೊಟ್ಟನ್ನು ನೋವಾಗದಂತೆ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಡುತ್ತಾರೆ. ಚರ್ಮದ ಕಣಗಳು ಕರಗಿ ತಿಳಿಯಾದಾಗ, ಕವಲೊಡೆದ ಶಿಲೀಂಧ್ರದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಅರ್ಧ ಗಂಟೆಯ ಕೆಲಸ. ಅದು ಯಾವ ಜಾತಿಯದೆಂದು ತಿಳಿಯಬೇಕಾದರೆ, ಫ್ರಾನ್ಸಿನ ಸಬೂರೊ ಎಂಬ ವೈದ್ಯನ ಹೆಸರು ಹೊತ್ತ ಪೋಷಕದ್ರವ್ಯದ ಮೇಲೆ ಎರಡರಿಂದ ನಾಲ್ಕು ವಾರ ಬೆಳೆಸಿ, ಬಣ್ಣವನ್ನೂ ಬೀಜಕಣಗಳ ಆಕಾರವನ್ನೂ ನೋಡುತ್ತಾರೆ. ಹೊಸ ಇಂಡೋಟಿನಿಯೆಯನ್ನು ಅದರ ಬಂಧುಗಳಿಂದ ಖಚಿತವಾಗಿ ಬೇರ್ಪಡಿಸಲು ಅದರ ಡಿ.ಎನ್.ಎ. ಬರಹವನ್ನೇ ಓದಬೇಕು.

ಜಾತಿ ತಿಳಿದರೆ ರೋಗದ ಮೂಲವೂ ತಿಳಿಯುತ್ತದೆ. ರೂಬ್ರಮ್ ಮತ್ತು ಇಂಡೋಟಿನಿಯೆ ಮನುಷ್ಯನಿಂದ ಮನುಷ್ಯನಿಗೆ ಹರಡುವಂತಹವು. ಮೈಕ್ರೊಸ್ಪೋರಮ್ ಕ್ಯಾನಿಸ್ ಬೆಕ್ಕು ನಾಯಿಗಳಿಂದ ಬರುತ್ತದೆ. ಟ್ರೈಕೊಫೈಟನ್ ವೆರುಕೋಸಮ್ ದನಕರುಗಳಿಂದ. ಊರಿಗೆ ಹೋದಾಗ ಕರುವಿನ ಕಣ್ಣಿನ ಸುತ್ತ ಬೂದು ಹಕ್ಕಳೆ ಕಟ್ಟಿದುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಹೋಟೆಲಿನ ಹಿತ್ತಿಲ ಬೆಕ್ಕಿನಿಂದ ಬಂದ ರೋಗಕ್ಕೆ ಮನುಷ್ಯನೊಬ್ಬನಿಗೇ ಔಷಧ ಕೊಟ್ಟರೆ ಅದು ಮರಳಿ ಬರುತ್ತದೆ. ಕೋಣೆಯ ಗೆಳೆಯನಿಂದ ಬಂದುದಕ್ಕೆ ಬೆಕ್ಕನ್ನು ಓಡಿಸಿ ಫಲವಿಲ್ಲ.

"ವೈದ್ಯರು ಕಣ್ಣಿನಿಂದ ನೋಡಿಯೇ ಹೇಳಬಲ್ಲರಲ್ಲ, ಪರೀಕ್ಷೆಯ ಖರ್ಚೇಕೆ?" ಎಂದು ಕೇಳುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹೊಸದಾಗಿ ಎದ್ದ, ಮುಲಾಮು ಸೋಕದ ಉಂಗುರವನ್ನು ಚರ್ಮವೈದ್ಯರು ನೋಡಿದೊಡನೆ ಗುರುತಿಸಬಲ್ಲರು. ಎಲ್ಲರಿಗೂ ಡಿ.ಎನ್.ಎ. ಪರೀಕ್ಷೆ ಬೇಕೆಂಬುದೂ ನನ್ನ ವಾದವಲ್ಲ. ಆದರೆ ತಿಂಗಳುಗಟ್ಟಲೆ ಮಿಶ್ರಣ ಹಚ್ಚಿ ಕೆಡಿಸಿಕೊಂಡವರಿಗೆ, ಮಾತ್ರೆ ತಿಂದರೂ ಗುಣವಾಗದವರಿಗೆ, ಕನಿಷ್ಠಪಕ್ಷ ಆ ಒಂದು ಹನಿಯ ಪರೀಕ್ಷೆಯಾದರೂ ಆಗಲೇಬೇಕು. ನಮ್ಮ ಆ ತರುಣನು ಟ್ಯೂಬುಗಳಿಗೆ ಸುರಿದ ಹಣದೆದುರು ಅದರ ವೆಚ್ಚ ಎಷ್ಟರದು? ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ, ಕೋಣೆಯ ನಾಲ್ವರಿಗೂ ಒಟ್ಟಿಗೆ ಚಿಕಿತ್ಸೆ ನಡೆದು, ಎರಡು ತಿಂಗಳ ಮೇಲೆ ಅವನು ಗುಣಮುಖನಾದ.

ಇದೇ ಅವಳಿ ನಗರದಲ್ಲಿ ಗಾಜಿನ ಪಟ್ಟಿಯೂ ಸೂಕ್ಷ್ಮದರ್ಶಕವೂ ಎಂತಹ ಉಪಕಾರ ಮಾಡಿದುವೆಂಬುದನ್ನು ನಾವು ಮರೆಯಬಾರದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡನು. ಮಲೇರಿಯಾ ಎಂದರೆ ಕೆಟ್ಟ ಗಾಳಿ ಎಂದರ್ಥ. ಅದೂ ಹುಳುಕಡ್ಡಿಯಂತೆ ತಪ್ಪು ಹೆಸರೇ. ಕಾರಣ ತಿಳಿದ ಮೇಲೆಯೇ ಜನ ಗಾಳಿಯನ್ನು ದೂರುವುದನ್ನು ಬಿಟ್ಟು ಸೊಳ್ಳೆಯನ್ನು ಹಿಡಿದರು.

ಆದುದರಿಂದ ಹೋಟೆಲಿನ ಧಣಿಗಳಲ್ಲಿ ನನ್ನ ವಿನಂತಿಯಿದು: ರೋಗ ಹೇಳಿಕೊಂಡವನನ್ನು ಊರಿಗಟ್ಟಬೇಡಿ; ಅಟ್ಟಿದರೆ ಉಳಿದವರು ಮುಚ್ಚಿಡಲು ಕಲಿಯುತ್ತಾರೆ. ಉಸ್ಮಾನಿಯಾ, ಗಾಂಧಿ ಮೊದಲಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮವಿಭಾಗಗಳಿವೆ. ಅರ್ಧ ದಿನದ ರಜೆ, ಬದಲಿಸಲೊಂದು ಒಣ ಬಟ್ಟೆ, ಬಟ್ಟೆ ಒಗೆಯಲು ಬಿಸಿನೀರು, ಹರವಲು ಬಿಸಿಲು, ಒಬ್ಬೊಬ್ಬರಿಗೆ ಒಂದೊಂದು ಟವೆಲು, ಇಷ್ಟನ್ನು ಕೊಟ್ಟರೆ ನಷ್ಟವಾಗದು. ನಮ್ಮ ಸಂಘಗಳು ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಮ್ಮೆ ಚರ್ಮವೈದ್ಯರನ್ನೂ ಕರೆಸಲಿ. ದುಡಿಯುವ ಸೋದರರು, ತುರಿಕೆ ನಿಂತಿತೆಂದು ವೈದ್ಯರು ಹೇಳಿದ ಅವಧಿಗೆ ಮುನ್ನ ಮಾತ್ರೆ ಬಿಡದಿರಲಿ.

ಗುಮಾಸ್ತ ಬಂಧುಗಳಿಗೂ ಒಂದು ಕೆಲಸವುಂಟು. ನೀವು ಇಂಗ್ಲಿಷ್ ಓದಬಲ್ಲಿರಿ. ನಿತ್ಯ ಕಾಫಿ ತಂದಿಡುವ ಹುಡುಗನ ಜೇಬಿನ ಟ್ಯೂಬನ್ನು ಒಮ್ಮೆ ಈಸಿಕೊಂಡು ಓದಿರಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರು ಕಂಡರೆ ಅದನ್ನು ವೈದ್ಯರಿಗೆ ತೋರಿಸೆಂದು ಹೇಳಿರಿ. ಬಂದವರನ್ನು ಏನು ಬೇಕೆಂದು ಕೇಳದೆ ನಮ್ಮ ಹೋಟೆಲುಗಳಲ್ಲಿ ಯಾವ ಮಾಣಿಯೂ ತಟ್ಟೆ ಇಡುವುದಿಲ್ಲ. ಬೇನೆ ಯಾವುದೆಂದು ಕೇಳದೆ ಔಷಧ ಹಚ್ಚುವ ರೂಢಿಯೊಂದನ್ನು ಮಾತ್ರ ನಾವೇಕೆ ಸಾಕಿಕೊಂಡು ಬರಬೇಕು?