ನೆಲದ ಕೆಳಗಿನ ಖರ್ಚು

ಊರು ಬಿಟ್ಟು ಮೂವತ್ತು ವರ್ಷ ಹೊರಗೆ ದುಡಿದವನು ನಿವೃತ್ತಿಯಾದ ಮೇಲೆ ಊರಿಗೆ ಹೇಗೆ ಬರಬೇಕು ಎಂಬ ಬಗ್ಗೆ ಊರವರಿಗೆ ಖಚಿತವಾದ ಕಲ್ಪನೆ ಇರುತ್ತದೆ. ಹೊಸ ಕಾರಿನಲ್ಲಿ ಬರಬೇಕು, ಪುಣೆಯ ಬಾಕರವಡಿ ತರಬೇಕು, ಎರಡು ದಿನ ಇದ್ದು ಹೋಗಬೇಕು. 2006ರ ಟೆಂಪೋ ಟ್ರಾವೆಲರ್ ಗಾಡಿಯೊಳಗೆ ಹಾಸಿಗೆ, ಒಲೆ, ನೀರಿನ ಟಾಕಿ ಇಟ್ಟುಕೊಂಡು ಹದಿನೈದು ದಿನದ ಲೆಕ್ಕದಲ್ಲಿ ಮಾತ್ರ ಬರಬಾರದು. ನಾನು ಮತ್ತು ನನ್ನ ಹೆಂಡತಿ 2023ರಿಂದ ಹಾಗೇ ಬರುತ್ತಿದ್ದೇವೆ. ಹಾವೇರಿಯಲ್ಲಿರುವ ನನ್ನ ತಮ್ಮ ಮೊದಲ ಸಲವೇ ಹೇಳಿದ: “ಅಣ್ಣಾ, ಆ ಗುಜರಿ ತಗೊಂಡು ಬರಬ್ಯಾಡ, ಮಂದಿ ನಗ್ತಾರ. ನಮ್ಮ ಮನ್ಯಾಗ ಜಾಗ ಇಲ್ಲೇನು?”

ಜಾಗ ಇಲ್ಲ. ಈ ಮಾತನ್ನು ಯಾರೂ ಆಡುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಮನೆ ಪಾಲಾಯಿತು, ಪಾಲಾದದ್ದು ಮಾರಾಟವಾಯಿತು, ಈಗ ತಮ್ಮ ಇರುವುದು ಎರಡು ಕೋಣೆಯ ಮನೆ. ನಾವು ಹೋದರೆ ಅವನ ಮಗ ಪರೀಕ್ಷೆಯ ಪುಸ್ತಕ ತೆಗೆದುಕೊಂಡು ಅಡುಗೆಮನೆಗೆ ಹೋಗುತ್ತಾನೆ. ಲಾಡ್ಜು ಇದೆಯಲ್ಲ ಅನ್ನುತ್ತಾರೆ. ಹದಿನೈದು ದಿನ ಲಾಡ್ಜು ನನ್ನ ಪಿಂಚಣಿಗೆ ಒಗ್ಗುವ ಮಾತಲ್ಲ. ಅದೂ ಅಲ್ಲದೆ, ಲಾಡ್ಜಿನಲ್ಲಿ ಉಳಿದವನು ಊರನ್ನು ನೋಡಿ ಹೋಗುತ್ತಾನೆಯೇ ಹೊರತು ಊರಿಗೆ ಬಂದ ಹಾಗೆ ಆಗುವುದಿಲ್ಲ. ಮುಂಬೈ, ಹೈದರಾಬಾದು, ಚೆನ್ನೈ ಎಲ್ಲಿಯೇ ಇರಲಿ, ನನ್ನ ವಯಸ್ಸಿನ ಎಷ್ಟೋ ಕನ್ನಡಿಗರ ಸ್ಥಿತಿ ಇದೇ. ಊರಿದೆ, ಊರಿನಲ್ಲಿ ಮಲಗುವ ಜಾಗವಿಲ್ಲ.

ಇನ್ನು ಗುಜರಿಯ ಮಾತು. ಗುಜರಿ ಯಾವುದು ಎಂದು ತೀರ್ಮಾನಿಸುವುದು ನನ್ನ ಕಸುಬೇ ಆಗಿತ್ತು. ಭೋಸರಿಯ ಕಾರ್ಖಾನೆಗಳ ನಡುವಿನ ಶಾಖೆಯಲ್ಲಿದ್ದಾಗ ಹಳೆ ಟೆಂಪೋಗಳಿಗೆ ಸಾಲ ಕೊಡುವ ಮುಂಚೆ ಖುದ್ದಾಗಿ ಹೋಗಿ ನೋಡುತ್ತಿದ್ದೆ. ಕಿಸೆಯಲ್ಲಿ ಒಂದು ಅಯಸ್ಕಾಂತದ ತುಂಡು ಇರುತ್ತಿತ್ತು. ತಗಡಿದ್ದಲ್ಲಿ ಅದು ಅಂಟುತ್ತದೆ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತದೆ. ಲೆಕ್ಕಶಾಸ್ತ್ರ ಕಲಿತ ನಮಗೆ ಸವಕಳಿ ಗೊತ್ತು: ವರ್ಷಕ್ಕೆ ಶೇಕಡಾ 15ರಂತೆ ಉಳಿದ ಬೆಲೆಯ ಮೇಲೆ ಕಳೆಯುತ್ತ ಹೋದರೆ, 100 ರೂಪಾಯಿಯ ಗಾಡಿ 20 ವರ್ಷಕ್ಕೆ 4 ರೂಪಾಯಿಗಿಂತ ತುಸು ಕಡಿಮೆ. ಅದು ಪುಸ್ತಕದ ಬೆಲೆ. ಕಬ್ಬಿಣಕ್ಕೆ ಪುಸ್ತಕ ಓದಲು ಬರುವುದಿಲ್ಲ. ಎರಡು ವರ್ಷದಲ್ಲೇ ಗುಜರಿಯಾದ ಗಾಡಿಯನ್ನೂ ನೋಡಿದ್ದೇನೆ, ಇಪ್ಪತ್ತು ವರ್ಷ ದಾಟಿಯೂ ಗಟ್ಟಿಯಾಗಿದ್ದ ಗಾಡಿಯನ್ನೂ ನೋಡಿದ್ದೇನೆ.

ಟ್ರಾವೆಲರ್ ಆರಿಸಿಕೊಂಡದ್ದು ಪ್ರೀತಿಯಿಂದಲ್ಲ. ನಮ್ಮ ಪಕ್ಕದ ಆಕುರ್ಡಿಯ ಬಜಾಜ್ ಟೆಂಪೋ ಕಂಪನಿ (2005ರಲ್ಲಿ ಅದರ ಹೆಸರು ಫೋರ್ಸ್ ಮೋಟಾರ್ಸ್ ಆಯಿತು) 1987ರಲ್ಲಿ ತಂದ ಗಾಡಿ ಅದು. ಹಳೆಯವುಗಳಲ್ಲಿ ಮರ್ಸಿಡಿಸ್ ಮೂಲದ ಓಎಂ 616 ಡೀಸೆಲ್ ಎಂಜಿನ್. ಮಿದುಳಿನ ಜಾಗದಲ್ಲಿ ಕಂಪ್ಯೂಟರ್ ಇಲ್ಲ, ಕೈಯಿಂದ ಬಿಚ್ಚಿ ಕೈಯಿಂದ ಜೋಡಿಸಬಹುದು. ಬಿಡಿಭಾಗ ಪುಣೆಯ ನಾನಾ ಪೇಠೆಯಲ್ಲೂ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ. ವಿದೇಶದ ಚಿತ್ರಗಳಲ್ಲಿ ಕಾಣುವ, ಪಿಕಪ್ಪಿನ ಬೆನ್ನ ಮೇಲೆ ಪೆಟ್ಟಿಗೆ ಕೂರಿಸಿದ ಕ್ಯಾಂಪರ್ ಚೆಂದವೇ. ಆದರೆ ನಮ್ಮ ಕಡೆ ಕ್ಯಾಂಪರ್ ಅಂದರೆ ಮಹೀಂದ್ರಾದ ಎರಡು ಸಾಲು ಸೀಟಿನ ಬೊಲೆರೊ! ಶಿಗ್ಗಾವಿಯ ಮೆಕ್ಯಾನಿಕ್ಕಿಗೆ ಗೊತ್ತಿಲ್ಲದ ಗಾಡಿಯನ್ನು ಅಗ್ಗ ಅಂತ ಕೊಂಡರೆ ಅದು ಅಗ್ಗ ಅಲ್ಲ.

ಒಂದು ದೊಡ್ಡ ಕೂಡುಕುಟುಂಬ ಸ್ವಂತ ಬಳಕೆಗೆ ಇಟ್ಟುಕೊಂಡಿದ್ದ ಗಾಡಿ 2022ರಲ್ಲಿ ನನಗೆ 1,90,000ಕ್ಕೆ ಸಿಕ್ಕಿತು. ಇಲ್ಲಿಂದ ನನ್ನ ನಿಜವಾದ ಜಗಳ ಶುರು. ಗುಜರಿ ಅನ್ನುವವರ ಜೊತೆಗಿಂತ ನನಗೆ ಹೆಚ್ಚು ತಕರಾರು ಇರುವುದು ಹಳೆ ಗಾಡಿಯನ್ನು ಅರಮನೆ ಮಾಡುವವರ ಜೊತೆ. ಒಬ್ಬ ಬಾಡಿ ಬಿಲ್ಡರ್ ಬಂದು ನೋಡಿದ. ಬಾನೆಟ್ ಎತ್ತಲಿಲ್ಲ, ಕೆಳಗೆ ಬಗ್ಗಲಿಲ್ಲ. ಒಳಗೆ ನಿಂತು ಟೀವಿ ಇಲ್ಲಿ, ಏಸಿ ಅಲ್ಲಿ, ಮಿಂಚುವ ನೀಲಿ ದೀಪ ಮೇಲೆ ಎಂದು ಕೈ ಆಡಿಸಿ, ಒಳಗಿನ ಕೆಲಸಕ್ಕೇ 9 ಲಕ್ಷ ಅಂದ. ಬ್ರೇಕು? “ಬ್ರೇಕ್ ತೋ ಲಗತಾ ಹೈ ನಾ ಸಾಬ್.”

ನಾನು ಮಾಡಿದ ಲೆಕ್ಕ ಬೇರೆ. ಗಾಡಿಯ ನೆಲವನ್ನು ಗೆರೆ ಮಾಡಿಕೊಂಡು, ಮೊದಲು ಕೆಳಗಿನ ಕಾಲಂ, ಅದರಲ್ಲಿ ಉಳಿದರೆ ಮೇಲಿನದು. ತುಕ್ಕು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿ ಅಡಿಗೆ ಬಣ್ಣ ಬಳಿಸಿದ್ದು 62,000. ನಾಜಲ್, ರೇಡಿಯೇಟರ್, ಕ್ಲಚ್, ರಬ್ಬರ್ ಕೊಳವೆ ಸೇರಿ ಎಂಜಿನ್ನಿಗೆ 54,000. ಬ್ರೇಕು, ಸ್ಟೇರಿಂಗಿನ ಕೀಲುಗಳು, ಹಿಂದಿನ ಲೀಫ್ ಸ್ಪ್ರಿಂಗು (ಇಲ್ಲಿಯವರ ಬಾಯಲ್ಲಿ ಪಾಟಾ) 46,000. ಟೈರು 38,000. ಕೆಳಗಿನದು ಸರಿಯಾಗಿ ಎರಡು ಲಕ್ಷ. ಮೇಲೆ ವೈರಿಂಗು, ಬ್ಯಾಟರಿ, ಸೋಲಾರಿಗೆ 58,000. ಮಂಚ, ಪೆಟ್ಟಿಗೆ, ಛಾವಣಿಯ ಶಾಖ ತಡೆಯುವ ಫೋಮು, ಪರದೆಗೆ 41,000. ಒಂದು ಲಕ್ಷಕ್ಕೆ ಸಾವಿರ ಕಡಿಮೆ. ಗಾಡಿಯ ಬೆಲೆಯೂ ಸೇರಿ 4,89,000. ಕೆಳಗೆ ಎರಡು ಪಾಲು, ಮೇಲೆ ಒಂದು ಪಾಲು. ಈ ಅನುಪಾತ ತಲೆಕೆಳಗಾದ ಗಾಡಿಯನ್ನು ಕಂಡರೆ ಅದರ ಮುಂದೆಯೂ ಹೋಗಬೇಡಿ, ಹಿಂದೆಯೂ ಹೋಗಬೇಡಿ.

ಊರಿನಿಂದ ಪುಣೆಗೆ ಮಕ್ಕಳನ್ನು ನೋಡಲು ಬರುವವರಿಗೆ ಸಾತಾರಾ ಕಡೆಯಿಂದ ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗಿನ ಇಳಿಜಾರು ಗೊತ್ತಿದೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದೇ ಅಪಘಾತದಲ್ಲಿ 40ಕ್ಕೂ ಹೆಚ್ಚು ವಾಹನ ಜಜ್ಜಿಹೋದವು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಕುಡಿಯುತ್ತದೆ. ವರ್ಷಗಟ್ಟಲೆ ಬದಲಿಸದ ಎಣ್ಣೆಯಿರುವ ಗಾಡಿ ಇಂಥ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತ ಒತ್ತುತ್ತ ಬಂದರೆ, ಆ ಕಾವಿಗೆ ಎಣ್ಣೆಯೊಳಗಿನ ನೀರು ಆವಿಯಾಗಿ ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಹೊಸ ಎಣ್ಣೆಯ ಖರ್ಚು ಒಂದು ಪರದೆ ಬಟ್ಟೆಗಿಂತ ಕಡಿಮೆ. ಟೈರೂ ಹಾಗೆಯೇ. ನಮ್ಮವರು ಹಲ್ಲು ನೋಡಿ “ಇನ್ನೂ ಹೊಸಾದು ಐತಿ” ಅನ್ನುತ್ತಾರೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 1814 ಅಂತ ಇದ್ದರೆ 2014ರ 18ನೇ ವಾರದಲ್ಲಿ ತಯಾರಾದದ್ದು. ನನ್ನ ಗಾಡಿಯಲ್ಲಿದ್ದವು ಅವೇ. ಹಲ್ಲು ಪೂರ್ತಿ ಇತ್ತು, ರಬ್ಬರು ಹಪ್ಪಳವಾಗಿತ್ತು.

ಭಾರದ ಬಗ್ಗೆ ಒಂದೇ ಮಾತು. ನೂರು ಲೀಟರ್ ನೀರು ಅಂದರೆ ನೂರು ಕಿಲೋ. ದಪ್ಪ ಪ್ಲೈವುಡ್, ಸಾಗವಾನಿ ಮಂಚ, ಗ್ರಾನೈಟ್ ಕಟ್ಟೆ (ಹೌದು, ಗ್ರಾನೈಟ್ ಹಾಕಿಸಿದವರಿದ್ದಾರೆ) ಎಲ್ಲ ಸೇರಿದರೆ ಹೊಸ ಬ್ರೇಕೂ ಸೋಲುತ್ತದೆ. ಹೆದ್ದಾರಿಯ ತೂಕದ ಕಟ್ಟೆಯಲ್ಲಿ ಸಾಮಾನು ತುಂಬಿಕೊಂಡು ಒಮ್ಮೆ ತೂಗಿಸಿ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಜೊತೆ ಹೋಲಿಸಿ ನೋಡಿ.

ಏಸಿ ಯಾಕೆ ಹಾಕಿಸಲಿಲ್ಲ ಎಂದು ಅಳಿಯ ಇನ್ನೂ ಕೇಳುತ್ತಾನೆ. ನನ್ನ ಲಿಥಿಯಂ ಬ್ಯಾಟರಿ 12.8 ವೋಲ್ಟು, 100 ಆಂಪಿಯರ್-ಅವರ್. ಅಂದರೆ ಸುಮಾರು ಒಂದೂಕಾಲು ಯೂನಿಟ್ ಕರೆಂಟು. 20 ವ್ಯಾಟಿನ ಫ್ಯಾನು ಹತ್ತು ತಾಸು ತಿರುಗಿದರೆ 200, ಎರಡು ದೀಪ ನಾಲ್ಕು ತಾಸಿಗೆ 40, ಮೊಬೈಲು, ನೀರಿನ ಪಂಪು ಸೇರಿ ದಿನಕ್ಕೆ 300 ವ್ಯಾಟ್-ಅವರ್. ಮಳೆಗಾಲದಲ್ಲಿ ಸೂರ್ಯ ಮುಖ ತೋರಿಸದಿದ್ದರೂ ನಾಲ್ಕು ರಾತ್ರಿ ದಾಟುತ್ತದೆ. ಸಾವಿರ ವ್ಯಾಟಿನ ಏಸಿ ಅದೇ ಬ್ಯಾಟರಿಯನ್ನು ಒಂದೂಕಾಲು ತಾಸಿನಲ್ಲಿ ನೆಕ್ಕಿ ಮುಗಿಸುತ್ತದೆ. ಆಮೇಲೆ ಇನ್ನೊಂದು ಬ್ಯಾಟರಿ, ದೊಡ್ಡ ಇನ್ವರ್ಟರ್, ಜನರೇಟರ್... ಸಾಲ ತೀರಿಸಲು ಸಾಲ ಮಾಡುವ ಗಿರಾಕಿಯ ಕಥೆ. ಏಪ್ರಿಲ್-ಮೇ ತಿಂಗಳಲ್ಲಿ ನಾವು ಹೊರಡುವುದಿಲ್ಲ, ಅಷ್ಟೇ. ವೈರಿಂಗಿನಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ. ಬ್ಯಾಟರಿಯಿಂದ ಹೊರಟ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಎರಡು ಮೀಟರ್ ಆಚೆ ಇಟ್ಟರೆ ಆ ಎರಡು ಮೀಟರ್ ತಂತಿಗೆ ರಕ್ಷಣೆಯೇ ಇಲ್ಲ.

ಕಾನೂನನ್ನು ಬೈಯುವವರ ಗುಂಪಿಗೆ ನಾನು ಪೂರ್ತಿ ಸೇರುವವನಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆ ಬಂತು. ಇದರ ಹಿಂದೆ ಹೆಣಗಳಿವೆ. 2013ರ ಅಕ್ಟೋಬರಿನಲ್ಲಿ ಮೆಹಬೂಬ್‌ನಗರದ ಪಾಲೆಂ ಹತ್ತಿರ, 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಹತ್ತಿರ, ಬೆಂಗಳೂರು-ಹೈದರಾಬಾದ್ ನಡುವೆ ಓಡುವ ಬಸ್ಸುಗಳು ಹೊತ್ತಿ ಉರಿದಾಗ ಒಳಗೆ ನಿದ್ದೆಯಲ್ಲಿದ್ದವರಲ್ಲಿ ನಮ್ಮವರೂ ಇದ್ದರು. ಮುಚ್ಚಿದ ಡಬ್ಬದೊಳಗೆ ಮಲಗುವವನಿಗೆ ಎರಡನೇ ಬಾಗಿಲು ಬೇಕೇ ಬೇಕು. ನಮ್ಮ ಮಂಚವನ್ನು ಹಿಂದಿನ ಬಾಗಿಲಿಗೆ ಅಡ್ಡ ಬರದಂತೆ ಉದ್ದಕ್ಕೆ ಹಾಕಿದ್ದೇವೆ, ಒಳಗಿನಿಂದ ಚಿಲಕ ತೆಗೆಯಬಹುದು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಕೂರುತ್ತದೆ. ಅದಕ್ಕೆ ಐದು ಕಿಲೋ ಸಿಲಿಂಡರಿನ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು. ಅಡುಗೆಯಂತೂ ಗಾಡಿಯ ಹೊರಗೇ.

ಸೀಟು ಕಡಿಮೆ ಮಾಡಿದ್ದು, ಮಂಚ ಹಾಕಿದ್ದು ಎಲ್ಲ ಅರ್ಜಿ ಕೊಟ್ಟು, ತಪಾಸಣೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಿ, ವಿಮಾ ಕಂಪನಿಗೂ ತಿಳಿಸಿ ಆಗಿದೆ. “ಯಾರ್ ಕೇಳ್ತಾರ್ರೀ” ಅನ್ನುವವರಿಗೆ ಹೇಳುತ್ತೇನೆ: ದಾರಿಯಲ್ಲಿ ಯಾರೂ ಕೇಳುವುದಿಲ್ಲ, ಕ್ಲೇಮಿನ ದಿನ ಕೇಳುತ್ತಾರೆ. ನನ್ನ ಆಕ್ಷೇಪ ಬೇರೆ ಇದೆ. ಖಾಸಗಿ ಬಳಕೆಯ ಕ್ಯಾಂಪರ್ ಎಂಬ ವರ್ಗ ನಿಯಮದಲ್ಲಿದೆ, ಮೋಟಾರ್ ಕ್ಯಾರವಾನಿಗೆ ಎಐಎಸ್ 124 ಎಂಬ ಮಾನದಂಡವೂ ಇದೆ. ಆದರೆ ಅದು ಕಾರ್ಖಾನೆಯಲ್ಲಿ ಮಾದರಿ ಮಾಡಿ ಮಂಜೂರಾತಿ ಪಡೆಯುವವರಿಗೆ ಹೊಂದುವ ವ್ಯವಸ್ಥೆ. ಒಂದೇ ಒಂದು ಹಳೆ ಗಾಡಿಯನ್ನು ಒಪ್ಪವಾಗಿ ರಿಪೇರಿ ಮಾಡಿದ ಪಿಂಚಣಿದಾರನಿಗೆ “ಇದಿಷ್ಟು ಮಾಡು, ಇದನ್ನು ತೋರಿಸು, ಪಾಸು” ಎಂಬ ಒಂದು ಪುಟದ ಪಟ್ಟಿ ಯಾಕಿಲ್ಲ? ಪಟ್ಟಿ ಇಲ್ಲದ್ದರಿಂದಲೇ ಜನ ಕದ್ದು ಮಾಡಿಸುತ್ತಾರೆ. ಕದ್ದು ಮಾಡಿಸಿದ್ದನ್ನು ಯಾವ ಇನ್‌ಸ್ಪೆಕ್ಟರೂ ಕೆಳಗೆ ಬಗ್ಗಿ ನೋಡುವುದಿಲ್ಲ.

ವಯಸ್ಸಿನ ಲೆಕ್ಕವೂ ಅಷ್ಟೇ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ದಾಟಿದ ಲಘು ವಾಹನಕ್ಕೆ 10,000. ಗುಜರಿಗೆ ಹಾಕಿ ಹೊಸದು ಕೊಂಡರೆ ತೆರಿಗೆಯಲ್ಲಿ ರಿಯಾಯಿತಿ. ದೆಹಲಿ ವಲಯದಲ್ಲಂತೂ 2018ರ ಸುಪ್ರೀಂ ಕೋರ್ಟ್ ಆದೇಶ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ರಸ್ತೆಯಿಂದ ಇಳಿಸಿತು. ದೆಹಲಿಯ ಹೊಗೆ ತಿಂದವರ ಸಂಕಟ ಬೇರೆ, ಅದರ ಮೇಲೆ ನಾನು ಮಾತಾಡುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುವ, ಹೊಗೆ ತಪಾಸಣೆ ಪಾಸಾದ ಗಾಡಿಗೂ, ದಿನಾ ಮುನ್ನೂರು ಓಡಿ ಕಪ್ಪು ಕಾರುವ ಗಾಡಿಗೂ ಹುಟ್ಟಿದ ತಾರೀಖು ಒಂದೇ ಅಂತ ಒಂದೇ ತಕ್ಕಡಿಯೇ? ಅರವತ್ತಕ್ಕೆ ನಮ್ಮನ್ನು ಮನೆಗೆ ಕಳಿಸಿದವರೂ ಇಷ್ಟು ಬಿರುಸಾಗಿರಲಿಲ್ಲ. ಪಿಂಚಣಿ ಕೊಟ್ಟರು.

ಊರವರಿಗೆ ನನ್ನ ಮಾತು ಇಷ್ಟು. ನಮ್ಮ ಎಂಎಚ್ ನಂಬರು ಕಂಡ ಕೂಡಲೇ ಹಾವೇರಿಯಲ್ಲಿ ಮೂವರು ಹಿತೈಷಿಗಳು “ಇಲ್ಲಿಯ ಟ್ಯಾಕ್ಸ್ ಕಟ್ಟಿರೇನು” ಎಂದು ಕೇಳಿದ್ದಾರೆ. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಾತ್ರ ಅಲ್ಲಿ ಮರುನೋಂದಣಿ. ಹದಿನೈದು ದಿನದ ನೆಂಟರಿಗಲ್ಲ. ತಮ್ಮನಿಗೆ ಅವಮಾನವಾಗುತ್ತದೆಂದು ಎರಡು ರಾತ್ರಿ ಅವನ ಗೇಟಿನ ಮುಂದೆ, ಉಳಿದದ್ದು ಸವಣೂರಿನ ಹತ್ತಿರ ಅಕ್ಕನ ಹೊಲದ ಹುಣಸೆ ಮರದ ಕೆಳಗೆ. ಎಂಬತ್ತರ ಅಕ್ಕ ಮೊದಲ ದಿನವೇ ಗಾಡಿ ಹತ್ತಿ, ಹಾಸಿಗೆ ಒತ್ತಿ ನೋಡಿ, “ಚಲೋ ಆತು, ಈ ಸಲ ಓಡಿ ಹೋಗೂದಿಲ್ಲಲ್ಲ” ಅಂದಳು. ಊಟ ಎಲ್ಲರ ಮನೆಯಲ್ಲಿ, ಮಲಗುವುದು ನಮ್ಮ ಮನೆಯಲ್ಲಿ. ಇದರಲ್ಲಿ ಯಾರ ಮರ್ಯಾದೆ ಹೋಯಿತು?

ಮಹಾರಾಷ್ಟ್ರ, ಕೇರಳ ಸರಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ತಂದವು. ಅವರ ಕಣ್ಣಿಗೆ ಬಿದ್ದದ್ದು ಬಾಡಿಗೆಗೆ ಬಿಡುವ ಏಸಿ ಗಾಡಿಗಳು, ಅವು ನಿಲ್ಲುವ ಪಾರ್ಕುಗಳು. ನನಗೆ ಅಂಥ ಪಾರ್ಕು ಬೇಡ. ಹಾನಗಲ್ಲಿಗೋ ಬನವಾಸಿಗೋ ಹೋದಾಗ ರಾತ್ರಿ ಗಾಡಿ ನಿಲ್ಲಿಸಲು ಎಪಿಎಂಸಿ ಅಂಗಳದ ಒಂದು ಮೂಲೆ ಸಾಕು. ಅಲ್ಲಿ ಒಂದು ನಲ್ಲಿ, ಬೀಗ ಹಾಕಿರದ ಒಂದು ಶೌಚಾಲಯ, ನೂರು ರೂಪಾಯಿಗೆ ಒಂದು ರಸೀದಿ. ರಸೀದಿ ಮಾತ್ರ ಕೊಡಲೇಬೇಕು, ನಾನು ಲೆಕ್ಕ ಇಡುವವನು.