ಹರಕಂಗಿಗೆ ಇಸ್ತ್ರಿ ಏಕೆ?

ಕಳೆದ ವರ್ಷ ಅನುವಾದಿಸಿದ ಪುಸ್ತಕವೊಂದರಲ್ಲಿ ನಾನು 'ಹರಕಂಗಿ ಶಾಲೆ' ಎಂದು ಬರೆದಿದ್ದೆ. ಅಚ್ಚಾಗಿ ಬಂದಾಗ ಅದು 'ದುರ್ಬಲ ವರ್ಗದ ಮಕ್ಕಳ ಶಾಲೆ' ಆಗಿತ್ತು. ಕೇಳಿದರೆ ಸಂಪಾದಕರು, "ಹರಕು ಅಂದರೆ ಅವಮಾನ ಅಲ್ಲವೇ ಮೇಡಂ" ಅಂದರು.

ಅವಮಾನವೇ. ಅದಕ್ಕೇ ಆ ಪದ ಬೇಕಿತ್ತು.

ಮೂಲದಲ್ಲಿದ್ದದ್ದು 'ರ‍್ಯಾಗೆಡ್ ಸ್ಕೂಲ್'. ರ‍್ಯಾಗೆಡ್ ಎಂದರೆ ಮೊದಲಿಗೆ ಹರಿದು ಜೂಲಾದ ಬಟ್ಟೆ, ಆಮೇಲೆ ಅದನ್ನು ತೊಟ್ಟವರು. ಪೋರ್ಟ್ಸ್‌ಮತ್‌ನಲ್ಲಿ ಜೋಡು ರಿಪೇರಿ ಮಾಡುತ್ತಿದ್ದ ಜಾನ್ ಪೌಂಡ್ಸ್ 1818ರ ಸುಮಾರಿಗೆ ತನ್ನ ಅಂಗಡಿಯಲ್ಲೇ ಬಡಮಕ್ಕಳಿಗೆ ಪುಕ್ಕಟೆ ಪಾಠ ಹೇಳತೊಡಗಿದ. ಇಂಥ ಶಾಲೆಗಳಿಗೆ ಅವನೇ ಮಾದರಿ. 1843ರಲ್ಲಿ ಡಿಕನ್ಸ್ ಲಂಡನ್ನಿನ ಫೀಲ್ಡ್ ಲೇನ್ ಶಾಲೆಯನ್ನು ನೋಡಿ ತಲ್ಲಣಿಸಿದ. ಮರುವರ್ಷ ಈ ಶಾಲೆಗಳದ್ದೇ ಒಕ್ಕೂಟ ಹುಟ್ಟಿತು. ಬಡತನವೊಂದೇ ಕಾರಣವಲ್ಲ, ಬಟ್ಟೆ, ಕೊಳೆ, ಒರಟುತನ ನೋಡಿ ಭಾನುವಾರದ ಶಾಲೆಗಳೂ ಈ ಮಕ್ಕಳನ್ನು ಹೊರಗಿಡುತ್ತಿದ್ದವು. ಅಂಗಿಯ ಮೇಲಿದ್ದ ವಿಶೇಷಣ ಮಗುವಿನ ಮೇಲೆ, ಮಗುವಿನಿಂದ ಶಾಲೆಯ ಮೇಲೆ ಹತ್ತಿ ಕೂತಿತು. 'ದುರ್ಬಲ ವರ್ಗ' ಎಂದೊಡನೆ ಅಂಗಿಯೂ ಮಾಯ, ಬಾಗಿಲಲ್ಲಿ ಮೂಗು ಮುರಿದವರೂ ಮಾಯ.

ಎಲ್ಲೆಡೆ ಹರಕೇ ಇರಲಿ ಎನ್ನುವ ಹಟ ನನಗಿಲ್ಲ. ಅದೇ ಪದ ಉಸಿರಿಗೆ ಅಂಟಿದರೆ ಅದು ಏದುಸಿರು ('ಹರಿದ ಉಸಿರು' ಎಂದು ಬರೆಯುವವರೂ ಇದ್ದಾರೆ, ಅವರ ಕಿವಿಗೆ ಏನಾಗಿದೆಯೋ). ಬಂಡೆಯಂಚಿಗಾದರೆ ಕೊರಕಲು, ಅಚ್ಚಿನ ಪುಟದ ಬಲಬದಿಗಾದರೆ ಏರುಪೇರು. ಅಲ್ಲೆಲ್ಲ ಇಂಗ್ಲಿಷೇ ಬಟ್ಟೆಯನ್ನು ಮರೆತಿದೆ, ನಾವೂ ಮರೆಯಬಹುದು. ಶಾಲೆಯ ಹೆಸರಿನಲ್ಲಿ ಮರೆತಿಲ್ಲ.

'ಚಿಂದಿ' ಏಕಲ್ಲ? ಮುಂಬಯಿಯ ಕಿವಿಗೆ ಚಿಂದಿ ಎಂದರೆ ಜಿಪುಣತನ. ಬೆಂಗಳೂರಿನ ಹುಡುಗರಿಗೆ ಚಿಂದಿ ಎಂದರೆ ಭಲೇ! ಬರೀ 'ಹರಕು' ಎಂದರೆ ಹರಕುಬಾಯಿ ನೆನಪಾಗುತ್ತದೆ. ಆದ್ದರಿಂದಲೇ ಅಂಗಿಯನ್ನು ಸೇರಿಸಿದ್ದು. ಹರಿದದ್ದು ಅಂಗಿ, ಹುಡುಗನಲ್ಲ.

ಇವತ್ತು ನಮ್ಮ ಓಣಿಯ ಮಗುವನ್ನು ಯಾರಾದರೂ ಹಾಗೆ ಕರೆದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಇದು ಚರಿತ್ರೆಯ ಪುಸ್ತಕ. ಆ ಮಕ್ಕಳಲ್ಲಿ ಒಬ್ಬರೂ ಈಗಿಲ್ಲ, ಸಂಪಾದಕರ ಕರುಣೆ ಅವರನ್ನು ಮುಟ್ಟುವುದಿಲ್ಲ. ಅದು ಉಳಿಸಿದ್ದು ಬಾಗಿಲು ಹಾಕಿಕೊಂಡವರ ಮಾನವನ್ನು.

ಎರಡನೇ ಮುದ್ರಣಕ್ಕೆಂದು ತಿದ್ದುಪಡಿ ಕಳಿಸಿದ್ದೇನೆ. 'ನೋಡೋಣ' ಎಂಬ ಉತ್ತರ ಬಂದಿದೆ.