ಸಾಲು ಸರಿಸುವ ಅಧಿಕಾರ ಯಾರದು?

ವಾರಾಣಸಿಯ ನಮ್ಮ ಕಚೇರಿಯಲ್ಲಿ, ವರ್ಗಾವಣೆಯಾಗಿ ಹೋದ ಸಹೋದ್ಯೋಗಿಯೊಬ್ಬರು ಬರೆದಿಟ್ಟ ಪುಟ್ಟ ಪೈಥಾನ್ ಪ್ರೋಗ್ರಾಮ್ ಒಂದಿದೆ. ತಿಂಗಳ ಬಿಲ್ಲುಗಳನ್ನು ಒಂದೊಂದಾಗಿ ಓದಿ ಮೊತ್ತ ಕೂಡಿಸುವುದಷ್ಟೇ ಅದರ ಕೆಲಸ. ಕಳೆದ ಮಾರ್ಚ್ ತಿಂಗಳಲ್ಲಿ ಅದನ್ನು ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ ತೆರೆದು ತಿದ್ದುತ್ತಿದ್ದೆವು. ಅಭ್ಯಾಸಬಲದಿಂದ ಟ್ಯಾಬ್ ಕೀಲಿಯನ್ನು ಎರಡು ಬಾರಿ ಒತ್ತಿದೆವು. ಬಿಲ್ಲನ್ನು ಓದುವ ಸಾಲು ಲೂಪಿನೊಳಗೇ, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳ ಗುಂಪಿನಲ್ಲೇ, ಉಳಿಯಿತು. ಕೂಡಿಸುವ ಸಾಲು ನಾಲ್ಕು ಸ್ಪೇಸಿನಷ್ಟು ಎಡಕ್ಕೆ ಜರುಗಿ ಹೊರಬಿತ್ತು. ಪ್ರೋಗ್ರಾಮ್ ತಪ್ಪೆಂದು ನಿಲ್ಲಲಿಲ್ಲ. ಕೊನೆಯ ಬಿಲ್ಲೊಂದನ್ನೇ ಲೆಕ್ಕಕ್ಕೆ ಹಿಡಿದು, ಅದೇ ಒಟ್ಟು ಮೊತ್ತವೆಂದು ತೋರಿಸಿತು. ಸಹಿ ಬೀಳುವ ಮೊದಲೇ ಲೆಕ್ಕಿಗರ ಕಣ್ಣಿಗೆ ಬಿದ್ದುದರಿಂದ ಉಳಿದುಕೊಂಡೆವು.

ಸಾಲಿನ ಒಳಸರಿಕೆ, ಅಂದರೆ ಇಂಡೆಂಟೇಷನ್, ಬರಿಯ ಅಲಂಕಾರವೆಂಬ ಭಾವನೆ ಸಾಮಾನ್ಯವಾದುದು. ಸಾಹಿತ್ಯ ಓದಿದವರು ಹಾಗೆ ತಿಳಿಯಬಾರದು. ಇಲ್ಲಿನ ಜಂಗಮವಾಡಿ ಮಠಕ್ಕೆ ಬರುವ ಕನ್ನಡ ಯಾತ್ರಿಕರು ವಚನ ಹೇಳುವಾಗ ಸಾಲೆಲ್ಲಿ ಮುರಿಯಬೇಕೆಂಬುದನ್ನು ಉಸಿರೇ ತೋರಿಸುತ್ತದೆ. ಓಲೆಗರಿಯಲ್ಲಾದರೋ ವಚನ ಗದ್ಯದಂತೆ ಎಡೆಬಿಡದೆ ಸಾಗುತ್ತದೆ. ಇಂದಿನ ಸಾಲುಗಳ ವಿಂಗಡಣೆ ಅಚ್ಚಿನ ಕಾಲದ ಸಂಪಾದಕರದು. ಎ. ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದ ಅನುವಾದಗಳಲ್ಲಿ ಸಾಲುಗಳನ್ನು ಒಳಕ್ಕೆ ಸರಿಸಿದರು. ಅದು ಅರ್ಥನಿರ್ಣಯವೇ ಹೊರತು ಅಲಂಕಾರವಲ್ಲ.

ಪ್ರೋಗ್ರಾಮಿಗೂ ಇದೇ ಮಾತು ಸಲ್ಲುತ್ತದೆ. ಸಿ, ಜಾವಾ ಭಾಷೆಗಳಲ್ಲಿ ಗುಂಪಿನ ಆದಿ ಅಂತ್ಯಗಳನ್ನು ಪುಷ್ಪಾವರಣದ ಚಿಹ್ನೆಗಳು ತೋರಿಸುವುದರಿಂದ ಎಡಿಟರ್ ತಾನೇ ಸಾಲು ಜೋಡಿಸಿದರೂ ಅರ್ಥ ಕೆಡದು. ಪೈಥಾನಿನಲ್ಲಿ ಒಳಸರಿಕೆಯೇ ವ್ಯಾಕರಣ. ಸಾಲು ಲೂಪಿನ ಒಳಗೋ ಹೊರಗೋ ಎಂಬುದು ಬರೆದವರಿಗೆ ಗೊತ್ತು, ಎಡಿಟರ್ ಊಹಿಸಬಲ್ಲದಷ್ಟೆ. ಟ್ಯಾಬ್ ಒತ್ತಿದಂತೆಲ್ಲ ಈಮ್ಯಾಕ್ಸ್ ಸಾಲನ್ನು ಸಾಧ್ಯವಿರುವ ಸ್ಥಾನಗಳಲ್ಲಿ ಸುತ್ತಿಸುವುದು ಈ ಕಾರಣದಿಂದಲೇ.

2014ರ 24.4ನೆಯ ಆವೃತ್ತಿಯಿಂದ ಈಮ್ಯಾಕ್ಸ್, ಎಂಟರ್ ಒತ್ತಿದೊಡನೆ ಹೊಸ ಸಾಲಿನ ಒಳಸರಿಕೆಯನ್ನು ತಾನಾಗಿ ಒದಗಿಸುತ್ತದೆ. ಬೇಸತ್ತವರು ಅದನ್ನು ಪೂರ್ತಿಯಾಗಿ ನಿಲ್ಲಿಸಿಬಿಡುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಹೊಸ ಸಾಲಿಗೆ ನೆರವು ಬೇಕು. ಬರೆದಾದ ಸಾಲನ್ನು ಕದಲಿಸುವ ಅಧಿಕಾರವನ್ನು ಮಾತ್ರ ಯಂತ್ರಕ್ಕೆ ಕೊಡಬಾರದು. ಆದುದರಿಂದ ಭಾಷೆಗೊಂದು ನಿಯಮವಿರಲಿ: ಸಿ ಕಡತಗಳಲ್ಲಿ ಸ್ವಯಂಚಾಲನೆ ಪೂರ್ತಿಯಾಗಿರಲಿ, ಪೈಥಾನಿನಲ್ಲಿ ಎಂಟರ್ ಕೀಲಿಗಷ್ಟೇ ಇರಲಿ. ಟ್ಯಾಬಿನ ಸುತ್ತಾಟವನ್ನು ನಾವೀಗ ನಿಲ್ಲಿಸಿದ್ದೇವೆ. ಸಾಲು ಸರಿಸಬೇಕಾದಾಗ, ಅದಕ್ಕೆಂದೇ ಇರುವ ಬೇರೆ ಕೀಲಿಗಳನ್ನು ತಿಳಿದೇ ಒತ್ತುತ್ತೇವೆ.

ಇನ್ನೊಂದು ಮಾತು. ಟ್ಯಾಬೋ ಸ್ಪೇಸೋ, ಸ್ಪೇಸಾದರೆ ಎಷ್ಟು ಎಂಬ ನಿರ್ಧಾರ ನಮ್ಮ ಗಣಕದಲ್ಲಿ ಮಾತ್ರ ಇದ್ದರೆ ಸಾಲದು. ‘ಎಡಿಟರ್‌ಕಾನ್ಫಿಗ್’ ಎಂಬ ಪುಟ್ಟ ಕಡತದಲ್ಲಿ ಅದನ್ನು ಬರೆದು ಪ್ರೋಗ್ರಾಮಿನ ಜೊತೆಗೇ ಇಟ್ಟರೆ ಹಲವು ಎಡಿಟರುಗಳು ಅದನ್ನು ಓದಿ ಪಾಲಿಸುತ್ತವೆ. ನಾವು ವರ್ಗಾವಣೆಯ ನೌಕರರು. ಇಂದು ಕಾಶಿ, ನಾಳೆ ಇನ್ನೊಂದೂರು. ನಮ್ಮ ಕಡತವನ್ನು ಮುಂದೆ ತೆರೆಯುವವರಿಗೆ ನಾವು ಬಿಟ್ಟುಹೋಗಬಹುದಾದ ಚಾರ್ಜ್ ಪಟ್ಟಿಯಲ್ಲಿ ಈ ನಾಲ್ಕಾರು ಸಾಲುಗಳೂ ಸೇರಿರಲಿ.